ಉಪ್ಪು ಹಾಕದ ಬಂಗುಡೆ ಸಾರು

ಹೊಳೆಯಲ್ಲಿ ನಿಂತ ಜೂಜಿನ ಹಡಗಿನಲ್ಲಿ ದುಡ್ಡು ನಡೆಯದು, ನಾಲಿಗೆಯ ರುಚಿಯನ್ನೇ ಪಣಕ್ಕಿಡಬೇಕು. ಮೊದಲ ದಿನ ಹಡಗಿನವರು ಜತ್ತಪ್ಪನಿಗೆ ಯಾರದೋ ಕಾಟುಮಾವಿನ ರುಚಿಯನ್ನು ಪುಕ್ಕಟೆ ಗೆಲ್ಲಿಸಿ ಕಳಿಸಿದ್ದರು. ಆಮೇಲೆ ಅವನು ಹುಳಿ, ಖಾರ, ಸಿಹಿ ಎಲ್ಲ ಸೋತ. ಮಗಳ ಹುಟ್ಟುಹಬ್ಬದ ಪಾಯಸ ಅವನಿಗೆ ಬರೀ ಗಂಜಿಯಾಗಿತ್ತು. ಉಳಿದದ್ದು ಉಪ್ಪೊಂದೇ.

ಇವತ್ತು ಹಡಗಿನವರ ದೋಣಿ ಮತ್ತೆ ದಡಕ್ಕೆ ಬಂದಿತ್ತು. ಹೆಂಡತಿ ವಾರಿಜಾ ಬೇಕೆಂದೇ ಉಪ್ಪು ಹಾಕದೆ ಬಂಗುಡೆ ಸಾರು ಮಾಡಿದಳು.

"ಎಲ್ಲಿಗೆ ಹೋಗಿದ್ದಿರಿ?"

"ಎಲ್ಲಿಗೂ ಇಲ್ಲ." ಪ್ರತಿ ಸಲವೂ ಅವನ ಉತ್ತರ ಇದೇ.

ಅವನು ತುತ್ತು ಬಾಯಿಗಿಟ್ಟ. ಅವಳು ಉಸಿರು ಬಿಗಿಹಿಡಿದಳು.

"ಎಂಥದು ಮಾರಾಯ್ತಿ, ಉಪ್ಪೇ ಇಲ್ಲ. ನೀನೂ ಹಡಗು ಹತ್ತಿದೆಯಾ?"

ಹನ್ನೊಂದು ವರ್ಷದಲ್ಲಿ ಗಂಡನ ಬೈಗುಳ ವಾರಿಜಾಳಿಗೆ ಇಷ್ಟು ಹಿತವಾಗಿ ಕೇಳಿದ್ದು ಇದೇ ಮೊದಲು. ನಗುತ್ತ ಹೋಗಿ ಉಪ್ಪಿನ ಭರಣಿಯನ್ನೇ ಎತ್ತಿ ತಂದಳು.