ಸ್ವೆಟರಿನೊಳಗಿನ ಮೊಸರನ್ನ

ಚೆನ್ನೈನ ಕ್ರೋಂಪೇಟೆಯ ನಮ್ಮ ಮನೆಯಲ್ಲಿ ಮೊಸರನ್ನಕ್ಕೆ ಇಂಗಿನ ಒಗ್ಗರಣೆ ಬಿದ್ದರೆ ನನಗೆ ಸ್ಪೇನಿನ ಚಳಿಗಾಲ ನೆನಪಾಗುತ್ತದೆ.

ಅಪ್ಪನಿಗೆ ಅಲ್ಲಿ ಕೆಲಸವಿದ್ದ ವರ್ಷ, ಬೆಟ್ಟದ ಮೇಲಿನ ಹಳೆಯ ಹಳ್ಳಿಯೊಂದನ್ನು ನೋಡಲು ಹೋಗಿದ್ದೆವು. ಚೆನ್ನೈ ಸೆಕೆಯಲ್ಲಿ ಮಾಡುವಂತೆಯೇ, ಹುಳಿಯಾಗದಿರಲೆಂದು ಅಜ್ಜಿ ಅನ್ನಕ್ಕೆ ಹಾಲು ಸುರಿದು ಒಂದೇ ಚಮಚ ಮೊಸರು ಬೆರೆಸಿದ್ದರು. ಮಧ್ಯಾಹ್ನ ಚರ್ಚಿನ ಕಲ್ಲುಮೆಟ್ಟಿಲ ಮೇಲೆ ಡಬ್ಬಿ ತೆರೆದರೆ ಹಾಲು ಹಾಲಾಗಿಯೇ ಇತ್ತು.

"ಅಮ್ಮಾ, ಇಲ್ಲೇನು ಚೆನ್ನೈ ಬಿಸಿಲಿದ್ಯಾ ಹುಳಿಯಾಗೋಕೆ?" ಅಪ್ಪ ನಕ್ಕರು.

"ಅದಕ್ಕೂ ಚಳಿಯಾಗಿದೆ, ಅಷ್ಟೇ ಕಣೋ. ಸುಮ್ನಿರು."

ಅಜ್ಜಿ ಡಬ್ಬಿಯನ್ನು ಸ್ವೆಟರಿನೊಳಗೆ ಹೊಟ್ಟೆಗೆ ಒತ್ತಿಕೊಂಡೇ ಊರೆಲ್ಲ ಸುತ್ತಿದರು. ಮರಗಟ್ಟಿದ ನನ್ನ ಕೈಗಳನ್ನೂ ಆಗಾಗ ಅಲ್ಲಿಗೇ ಎಳೆದುಕೊಂಡರು.

ಸಂಜೆ ಕಾರಿನಲ್ಲಿ ಮುಚ್ಚಳ ತೆಗೆದರು. ಹಾಲು ಹೆಪ್ಪಾಗಿ ಮೊಸರಾಗಿತ್ತು, ಬೆಚ್ಚಗೂ ಇತ್ತು. ಮೊದಲ ತುತ್ತನ್ನು, ನಕ್ಕಿದ್ದ ಅಪ್ಪನ ಬಾಯಿಗೇ ಇಟ್ಟರು.