ಏಳನೇ ಬಿಲ್ಲೆ

"ಏಳು ನನಗೆ ಕೊಡಿ," ಎಂದ ಭಾವ.

ಹಡಗಿನ ಗೈಡ್ ಆ ಬಿಲ್ಲೆಯನ್ನು ಆಗಲೇ ದಂತವೈದ್ಯೆಯ ಕೈಗೆ ಕೊಟ್ಟಾಗಿತ್ತು. ಭಾವ ಕೈಚಾಚಿ ಕಿತ್ತುಕೊಂಡಂತೆಯೇ ತೆಗೆದುಕೊಂಡ. "ಬೇರೆ ಯಾರಿಗೂ ಬೇಡ. ನನಗೇ ಇರಲಿ."

ತನ್ನ ಆರನೇ ನಂಬರಿನ ಬಿಲ್ಲೆಯನ್ನು ಹಲಗೆಯ ಮೊಳೆಗೆ ಸಿಕ್ಕಿಸುತ್ತಿದ್ದ ಭಾಮೈದ ಹಾಗೇ ನಿಂತ. ಏಳು ಅಕ್ಕನ ನಂಬರು. ಎರಡು ವರ್ಷದ ಹಿಂದೆ, ಇದೇ ಹಡಗಿನ ಡೈವಿಂಗ್ ಪ್ರವಾಸದಲ್ಲಿ, ಅವಳ ಜೀವ ತೆಗೆದದ್ದು ಆ ಬಿಲ್ಲೆ. ಅದನ್ನು ಬಾಯಿಬಿಟ್ಟು ಕೇಳಬೇಕಾದರೆ ಚರ್ಮ ಎಷ್ಟು ದಪ್ಪವಿರಬೇಕು.

ಬಿಲ್ಲೆಯ ನಿಯಮ ಸರಳ. ಒಂದು ಮುಖ ಕೆಂಪು, ಇನ್ನೊಂದು ಬಿಳಿ. ನೀರಿಗಿಳಿಯುವ ಮುನ್ನ ಕೆಂಪು ಮಾಡಬೇಕು, ಏಣಿ ಹತ್ತಿ ಬಂದಮೇಲೆ ಬಿಳಿ. ಹಲಗೆಯೆಲ್ಲ ಬಿಳಿಯಾದರೆ ಕ್ಯಾಪ್ಟನ್ ಎಂಜಿನ್ ಶುರು ಮಾಡುತ್ತಾನೆ.

ಅವತ್ತು ಅಕ್ಕ ಹಡಗಿನಿಂದ ಇಳಿಬಿಟ್ಟ ಹಗ್ಗ ಹಿಡಿದು ತಮ್ಮನ ಹಿಂದೆಯೇ ಮೇಲೆ ಬರುತ್ತಿದ್ದಳು. ನೀರಿನ ಸೆಳೆತ ಅವಳನ್ನು ಹಗ್ಗದಿಂದ ಕಿತ್ತು ಒಯ್ದಿರಬೇಕು. ಹಲಗೆಯ ಮೇಲೆ ಮಾತ್ರ ಏಳು ಬಿಳಿಯಾಗಿತ್ತು. ಹಡಗು ಹೊರಟಿತು. ಊಟದ ಮೇಜಿನಲ್ಲಿ ಒಂದು ತಟ್ಟೆ ಹಾಗೇ ಉಳಿದಾಗಲೇ ಗೊತ್ತಾದದ್ದು. ನಾಲ್ಕು ದಿನ ಹುಡುಕಿದರು. ಸಿಗಲಿಲ್ಲ.

ಅವಳ ಬಿಲ್ಲೆ ತಿರುಗಿಸಿದ್ದು ಯಾರು? ಆ ಹೊತ್ತಿನಲ್ಲಿ ಹಲಗೆಯ ಪಕ್ಕದಲ್ಲೇ ಭಾವನಿದ್ದ, ಬಕೆಟ್ ನೀರಿನಲ್ಲಿ ಕ್ಯಾಮೆರಾ ತೊಳೆಯುತ್ತಾ. ಹಿಂದಿನ ದಿನ ಗಂಡ ಹೆಂಡತಿ ಜಗಳವಾಡಿದ್ದು ಹಡಗಿಗೆಲ್ಲ ಕೇಳಿಸಿತ್ತು. ವಿಚಾರಣೆಯಲ್ಲಿ ಭಾವ ಹೇಳಿದ್ದು ಒಂದೇ ಮಾತು: "ನಾನು ಗಮನಿಸಲಿಲ್ಲ."

ಈ ಸಲದ ಪ್ರವಾಸ ಭಾಮೈದನದೇ ಏರ್ಪಾಡು. "ಧೈರ್ಯ ಇದ್ದರೆ ಬನ್ನಿ" ಎಂದು ಬರೆದಿದ್ದ. ಭಾವ ಬಂದ. ಪೊಲೀಸರಿಗೆ ಕೊಡುವ ದೂರು ಭಾಮೈದನ ಬ್ಯಾಗಿನಲ್ಲಿ ಸಿದ್ಧವಿತ್ತು. ಸಾಕ್ಷಿಯೊಂದು ಬೇಕಿತ್ತು, ಅಷ್ಟೆ. ಯಾರೂ ಇಲ್ಲದಾಗ ಹಲಗೆಯ ಎದುರಿನ ಕಂಬಕ್ಕೆ ಬೆಂಕಿಪೊಟ್ಟಣದಷ್ಟಿದ್ದ ಕ್ಯಾಮೆರಾ ಅಂಟಿಸಿದ. ಒಮ್ಮೆ ಮಾಡಿದ ಕೈ ಮತ್ತೆ ಮಾಡದೆ ಇರುವುದಿಲ್ಲ. ಈ ಸಲ ಸಮುದ್ರದಲ್ಲಿ ಉಳಿಯುವ ಸರದಿ ತನ್ನದು ಎಂಬುದೂ ಅವನಿಗೆ ಖಾತ್ರಿಯಿತ್ತು.

ಮೊದಲ ಎರಡು ದಿನ ಭಾವ ನೆರಳಿನ ಹಾಗೆ ಇವನ ಬೆನ್ನಿಗೇ ಏಣಿ ಹತ್ತಿದ. ಹತ್ತಿದವನು ಮೊದಲು ನೋಡುತ್ತಿದ್ದದ್ದು ಹಲಗೆಯನ್ನು.

"ಏನು, ಕಾವಲು ಕಾಯ್ತಿದ್ದೀರಾ?"

"ಹಾಗೇ ಅಂದ್ಕೋ."

ಭಾಮೈದ ಗೂಟದಿಂದ ಎರಡು ಟವೆಲ್ ತೆಗೆದ, ಒಂದು ತನಗೆ, ಒಂದು ಅಕ್ಕನಿಗೆ. ಒಂದನ್ನು ವಾಪಸ್ ಹಾಕಿದ. ಎರಡು ವರ್ಷವಾದರೂ ಕೈಗೆ ಬುದ್ಧಿ ಬಂದಿರಲಿಲ್ಲ. ಭಾವ ಅದನ್ನು ಕಂಡು ಮುಖ ಆಚೆ ತಿರುಗಿಸಿದ.

ಊಟದ ಮೇಜಿನಲ್ಲಿ ಭಾಮೈದನೇ ಮಾತು ತೆಗೆದ. "ದೂರು ಬರೆದಾಯ್ತು. ಊರಿಗೆ ಹೋದ ತಕ್ಷಣ ಕೊಡ್ತೀನಿ."

"ಕೊಡು."

"ನಿಮ್ಮ ಹೆಸರಿದೆ."

"ಇರಲಿ. ಅತ್ತೆ ಮುಂದೆ ಬೇರೆ ಯಾರ ಹೆಸರೂ ಬರಬಾರದು, ಅಷ್ಟೇ." ಭಾವ ಬ್ರೆಡ್ ಮುರಿದ. "ಅವರಿಗೆ ಉಳಿದಿರೋದು ನೀನೊಬ್ಬ."

"ಅಮ್ಮನ ಸುದ್ದಿ ನಿಮ್ಮ ಬಾಯಲ್ಲಿ ಬೇಡ. ನಾಲಿಗೆ ಸುಟ್ಟುಹೋದೀತು."

ದಂತವೈದ್ಯೆ ಉಪ್ಪಿನ ಡಬ್ಬಿಯ ಮೇಲಿನ ಬರಹವನ್ನು ಬಹಳ ಶ್ರದ್ಧೆಯಿಂದ ಓದತೊಡಗಿದಳು.

ಮೂರನೇ ದಿನ ಸೆಳೆತ ಜೋರಾಗಿತ್ತು. ಮೇಲೆ ಬರುವ ಮುನ್ನ ಹಗ್ಗ ಹಿಡಿದು ಮೂರು ನಿಮಿಷ ನಿಲ್ಲಬೇಕು. ಭಾಮೈದ ಗಡಿಯಾರ ನೋಡಿಕೊಂಡ. ಹಳದಿ ಪಟ್ಟಿಯ ಗಡಿಯಾರ, ಅಕ್ಕ ಕೊಡಿಸಿದ್ದು. ಹಡಗಿನಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಕೆಳಗೆ, ಅದೇ ಹಗ್ಗದಲ್ಲಿ, ಭಾವನ ಕಣ್ಣು ಇವನ ಮೇಲೇ ನೆಟ್ಟಿತ್ತು. ಇವನ ಸಿಲಿಂಡರಿನಲ್ಲಿ ಗಾಳಿ ತಳ ಕಂಡಿತ್ತು. ಭಾಮೈದ ಏಣಿ ಹತ್ತಿದ, ಕಾಲಿನ ಫಿನ್ ಕಳಚಿದ, ಹಲಗೆಯ ಕೆಲಸ ಮುಗಿಸಿ ಟವೆಲ್ ಹೊದ್ದು ಬೆಂಚಿನ ಮೇಲೆ ಕುಸಿದ.

ಎಂಜಿನ್ ಗುಡುಗಿತು. ಹಳೆಯ ಅಪಘಾತದ ನಂತರ ಗೈಡ್ ಬಾಯಲ್ಲೂ ಹಾಜರಿ ಕರೆಯುತ್ತಿದ್ದಳು. ಅದಕ್ಕೇ ಪ್ರವಾಸಿಗರು ಅವಳಿಗೆ ಹೆಡ್‌ಮಿಸ್ ಎಂದು ಹೆಸರಿಟ್ಟಿದ್ದರು.

"ಐದು."

"ಇದ್ದೀನಿ, ಮಿಸ್," ಎಂದಳು ದಂತವೈದ್ಯೆ.

"ಆರು."

"ಹೂಂ."

"ಏಳು."

ಯಾರೂ ಓಗೊಡಲಿಲ್ಲ. ಹಲಗೆಯ ಮೇಲೆ ಏಳು ಬಿಳಿಯಾಗಿತ್ತು.

ಭಾವ ಸಿಕ್ಕಿದ್ದು ಇಪ್ಪತ್ತು ನಿಮಿಷದ ನಂತರ, ಬಹುದೂರದಲ್ಲಿ ತೇಲುತ್ತಾ. ಕೈಜಾರಿ ಹಗ್ಗ ತಪ್ಪಿತ್ತಂತೆ. ಮೇಲೆ ಬಂದವನು ಮೊದಲು ಹಲಗೆಯನ್ನು ನೋಡಿದ, ಆಮೇಲೆ ಭಾಮೈದನನ್ನು.

"ನನ್ನದೇ ತಪ್ಪು, ಮೇಡಂ. ಇಳಿಯೋವಾಗ ಕೆಂಪು ಮಾಡೋದು ಮರೆತೆ."

"ಸುಳ್ಳು," ಭಾಮೈದ ಎದ್ದು ನಿಂತ. "ಇವರು ಕೆಂಪು ಮಾಡಿದ್ದನ್ನ ನಾನು ಕಣ್ಣಾರೆ ಕಂಡಿದ್ದೀನಿ. ಬಿಲ್ಲೆ ಯಾರು ಬೇಕಾದ್ರೂ ತಿರುಗಿಸಬಹುದು ಅಂತ ತೋರಿಸೋಕೆ ಈ ನಾಟಕ. ಯಾರನ್ನೋ ಹಿಡಿದು ಮಾಡಿಸಿದ್ದಾರೆ. ಯಾರ ಕೈ ಅಂತ ಈಗಲೇ ನೋಡೋಣ."

ಕಂಬದಿಂದ ಕ್ಯಾಮೆರಾ ಬಿಡಿಸಿದ. ಭಾವ ಅಡ್ಡ ಬಂದ.

"ಅದನ್ನ ಹಾಕಬೇಡ. ಕೈಮುಗಿತೀನಿ."

ಎರಡು ವರ್ಷದಲ್ಲಿ ಆ ದನಿ ನಡುಗಿದ್ದು ಅದೇ ಮೊದಲು. ಭಾಮೈದನಿಗೆ ಹೊಟ್ಟೆ ತಣ್ಣಗಾಯಿತು. ಕ್ಯಾಪ್ಟನ್ನನ್ನೂ ಗೈಡನ್ನೂ ಹತ್ತಿರ ಕರೆದು ಗುಂಡಿ ಒತ್ತಿದ.

ಒದ್ದೆ ಕೈಯೊಂದು ತೆರೆಯೊಳಗೆ ಬಂತು. ಆರನ್ನು ತಿರುಗಿಸಿತು. ನಿಲ್ಲಲಿಲ್ಲ, ಅದೇ ಬೀಸಿನಲ್ಲಿ ಏಳನ್ನೂ ತಿರುಗಿಸಿ ಮರೆಯಾಯಿತು. ಮಣಿಕಟ್ಟಿನಲ್ಲಿ ಹಳದಿ ಪಟ್ಟಿಯಿತ್ತು.

"ಅತ್ತೆಗೆ ಹೇಳಬೇಡ," ಎಂದ ಭಾವ. "ಎರಡು ವರ್ಷದಿಂದ ನಾನೂ ಹೇಳಿಲ್ಲ."