ಸೊಪ್ಪಿನ ಚಪ್ಪರ

"ಮದ್ವೆ ಚಪ್ಪರ ಅಂತೀಯಲ್ಲಪ್ಪೋ, ಮತ್ತೆ ಹೆಣ್ಣೆಲ್ಲವ್ಳೆ?" ಕೋಟೆ ನೋಡಲು ಬಂದಿದ್ದ ವಿದೇಶಿ ಹೆಂಗಸು ಕೊಟ್ಟುಹೋದ ಇಂಗ್ಲಿಷ್ ಚಿತ್ರಪುಸ್ತಕದಲ್ಲಿನ ಚಪ್ಪರದ ಮೇಲೆ ಚಿನ್ನು ಬೆರಳಿಟ್ಟಳು. ಮನೆ ಮುಂದೆ ಕುದುರೆ ಹೂಡುತ್ತಿದ್ದ ಟಾಂಗಾ ನಿಂಗರಾಜು, ತನಗೆ ಓದಲು ಬಾರದೆಂದು ಮಗಳಿಗೆ ಹೇಳಲಾರದೆ ರೇಗಿದ. "ಒಳಗೆ ಸೀರೆ ಉಡ್ತಾವ್ಳೆ, ಸುಮ್ಕಿರಮ್ಮಿ!"

ಪಕ್ಕದ ಮನೆಯ ಪದ್ಮಾ ಟೀಚರ್ ನಗುತ್ತ ಬಂದು ಪುಸ್ತಕ ತೆಗೆದುಕೊಂಡು ಓದಿದರು. "ಇದು ಯೆಹೂದಿಗಳ ಹಬ್ಬ ಕಣೇ ಪುಟ್ಟಿ. ಒಂದು ವಾರ ಮನೆ ಬಿಟ್ಟು ಇಂಥ ಸೊಪ್ಪಿನ ಚಪ್ಪರದಡಿ ಊಟ ಮಾಡ್ತಾರೆ. ಸಂದಿಯಲ್ಲಿ ನಕ್ಷತ್ರ ಕಾಣಬೇಕಂತೆ. ಮದುವೆ ಅಂತ ನಿಂಗ್ಯಾರು ಹೇಳಿದ್ರು?"

ನಿಂಗರಾಜು ಕುದುರೆಯ ಲಗಾಮನ್ನು ಬಿಗಿಹಿಡಿದ. ಬಾಯಿತುಂಬ ಬೈಯಬೇಕೆನಿಸಿತು, ಯಾರನ್ನು ಎಂದು ತಿಳಿಯಲಿಲ್ಲ.

ಚಿನ್ನು ಅಪ್ಪನ ಮುಖವನ್ನೊಮ್ಮೆ ನೋಡಿದಳು. "ಯಾರೂ ಹೇಳಿಲ್ಲ ಟೀಚರ್. ನಾನೇ ಹಂಗಂದ್ಕಂಡಿದ್ದೆ."